ಹಾಸಿಗೆಯಲ್ಲಿದ್ದ ಪರಕೀಯ ಕಾಲು

ಒಂದು ಕ್ಷಣ ಕಣ್ಣು ಮುಚ್ಚಿಕೊಂಡು ತಮ್ಮ ತೋರುಬೆರಳಿನಿಂದ ಮೂಗಿನ ತುದಿಯನ್ನು ಮುಟ್ಟಿ ನೋಡಿ. ಬೆರಳು ದಾರಿ ತಪ್ಪುವುದಿಲ್ಲ. ಕೈ ಎಲ್ಲಿದೆ, ಮೂಗು ಎಲ್ಲಿದೆ ಎಂದು ಯಾರೂ ಹೇಳಿಕೊಡದಿದ್ದರೂ ದೇಹಕ್ಕೆ ತನ್ನ ಇರವು ತಿಳಿದಿರುತ್ತದೆ. ಸ್ನಾಯು ಮತ್ತು ಕೀಲುಗಳಿಂದ ಮೆದುಳಿಗೆ ಹಗಲಿರುಳೂ ಹರಿಯುವ ಈ ಸುದ್ದಿಗೆ ಇಂಗ್ಲೆಂಡಿನ ಶರೀರವಿಜ್ಞಾನಿ ಚಾರ್ಲ್ಸ್ ಶೆರಿಂಗ್‌ಟನ್ 1906ರಲ್ಲಿ ಪ್ರೊಪ್ರಿಯೊಸೆಪ್ಶನ್ ಎಂಬ ಹೆಸರನ್ನಿಟ್ಟರು. ಲ್ಯಾಟಿನ್ನಿನಲ್ಲಿ ಪ್ರೊಪ್ರಿಯುಸ್ ಎಂದರೆ ತನ್ನದು, ಸ್ವಂತದ್ದು. ದೇಹವು ತನ್ನದನ್ನು ತನ್ನದೆಂದು ಅರಿಯುವ ಬಗೆ ಇದು. ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ಪಂಚೇಂದ್ರಿಯಗಳ ಪಟ್ಟಿಯಲ್ಲಿ ಇದಕ್ಕೆ ಸ್ಥಾನವಿರಲಿಲ್ಲ. ಕಳೆದುಕೊಂಡವರಿಗೆ ಮಾತ್ರ ಇದರ ಬೆಲೆ ಗೊತ್ತು.

ಹಾಗೆ ಕಳೆದುಕೊಂಡವರ ಕಥೆಗಳನ್ನು ಸಾಮಾನ್ಯ ಓದುಗರ ಮನೆಬಾಗಿಲಿಗೆ ತಂದವರು ನರರೋಗತಜ್ಞ ಆಲಿವರ್ ಸ್ಯಾಕ್ಸ್. 1933ರಲ್ಲಿ ಲಂಡನ್ನಿನ ಯೆಹೂದ್ಯ ವೈದ್ಯ ಕುಟುಂಬವೊಂದರಲ್ಲಿ ಹುಟ್ಟಿ, ಜೀವನದ ಬಹುಭಾಗವನ್ನು ನ್ಯೂಯಾರ್ಕಿನಲ್ಲಿ ಕಳೆದು, 2015ರಲ್ಲಿ ತೀರಿಕೊಂಡ ಈ ವೈದ್ಯರ ಎರಡು ಕೃತಿಗಳನ್ನು ಈ ಲೇಖನದಲ್ಲಿ ಪರಿಶೀಲಿಸಲು ಇಚ್ಛಿಸುತ್ತೇನೆ. 1984ರಲ್ಲಿ ಬಂದ 'ಎ ಲೆಗ್ ಟು ಸ್ಟ್ಯಾಂಡ್ ಆನ್' ಒಂದು. 1985ರಲ್ಲಿ ಬಂದು ಅವರಿಗೆ ಲೋಕಪ್ರಸಿದ್ಧಿ ತಂದ 'ದಿ ಮ್ಯಾನ್ ಹೂ ಮಿಸ್ಟುಕ್ ಹಿಸ್ ವೈಫ್ ಫಾರ್ ಎ ಹ್ಯಾಟ್' ಇನ್ನೊಂದು. ಹೆಂಡತಿಯ ತಲೆಯನ್ನು ಟೋಪಿಯೆಂದು ಭ್ರಮಿಸಿದ ಸಂಗೀತ ಶಿಕ್ಷಕನ ಕಥೆಯಿಂದ ಎರಡನೆಯದಕ್ಕೆ ಆ ಹೆಸರು ಬಂದಿದೆ. ನನ್ನ ದೃಷ್ಟಿಯಲ್ಲಿ ಪುಸ್ತಕದ ತಿರುಳು ಆ ಕಥೆಯಲ್ಲಿಲ್ಲ. ತಮ್ಮ ದೇಹವನ್ನೇ ಗುರುತಿಸಲಾಗದವರನ್ನು ಕುರಿತ ಅಧ್ಯಾಯಗಳಲ್ಲಿದೆ. ವೈದ್ಯಕೀಯ ಪುಸ್ತಕಗಳ ವಿಮರ್ಶೆ ಈ ಮಾಸಪತ್ರಿಕೆಗೇಕೆ ಎಂದು ತಾವು ಕೇಳಬಹುದು. ಪಾರ್ಶ್ವವಾಯುವಿಗೆ ತುತ್ತಾದ ತಂದೆ, ಊಟವನ್ನೇ ತ್ಯಜಿಸಿದ ಮಗಳು ಇಲ್ಲದ ಧರ್ಮಕೇಂದ್ರ ಯಾವುದಿದೆ? ಅವರ ಮಾತನ್ನು ನಾವು ಹೇಗೆ ಕೇಳಿಸಿಕೊಳ್ಳುತ್ತೇವೆ ಎಂಬುದರ ಮೇಲೆ ಅವರ ಆರೈಕೆ ನಿಂತಿದೆ.

ಎರಡನೆಯ ಪುಸ್ತಕದ ಒಂದು ಸಣ್ಣ ಅಧ್ಯಾಯವನ್ನು ಮೊದಲು ನೋಡೋಣ. ಸ್ಯಾಕ್ಸ್ ಇನ್ನೂ ವಿದ್ಯಾರ್ಥಿಯಾಗಿದ್ದ ಕಾಲ. ಆಸ್ಪತ್ರೆಗೆ ಅಂದೇ ದಾಖಲಾಗಿದ್ದ ಯುವಕನೊಬ್ಬ ನಿದ್ದೆಯಿಂದೆದ್ದಾಗ ತನ್ನ ಹಾಸಿಗೆಯಲ್ಲಿ ಯಾರದೋ ಕತ್ತರಿಸಿದ ಕಾಲು ಬಿದ್ದಿರುವುದನ್ನು ಕಂಡ. ಹೊಸ ವರ್ಷದ ಹಿಂದಿನ ದಿನ. ದಾದಿಯರು ಹುಡುಗಾಟಕ್ಕೆ ಶವಗಳನ್ನು ಕೊಯ್ಯುವ ಕೋಣೆಯಿಂದ ತಂದಿಟ್ಟಿರಬೇಕೆಂದು ಊಹಿಸಿದ. ಅಸಹ್ಯದಿಂದ ಅದನ್ನೆತ್ತಿ ಹೊರಕ್ಕೆಸೆದ. ಕಾಲಿನ ಹಿಂದೆಯೇ ತಾನೂ ನೆಲಕ್ಕುರುಳಿದ. ಈಗ ಆ ಹಾಳು ಕಾಲು ತನಗೆ ಅಂಟಿಕೊಂಡುಬಿಟ್ಟಿದೆಯೆಂದು ಗಾಬರಿಯಿಂದ ಅದನ್ನು ಬಡಿಯತೊಡಗಿದ. ಇದು ನಿನ್ನದಲ್ಲವಾದರೆ ನಿನ್ನ ಎಡಗಾಲು ಎಲ್ಲಿ ಎಂದು ಸ್ಯಾಕ್ಸ್ ಕೇಳಿದಾಗ ಅವನ ಮುಖ ಬಿಳಿಚಿಕೊಂಡಿತು. ಅದು ಎಲ್ಲೂ ಇಲ್ಲ, ಕಾಣೆಯಾಗಿದೆ ಎಂದ.

ಈ ಅಧ್ಯಾಯವನ್ನು ಓದುವಾಗ ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 12ನೆಯ ಅಧ್ಯಾಯ ನೆನಪಾಗದಿರದು. ಕಾಲು ತಾನು ದೇಹಕ್ಕೆ ಸೇರಿದ್ದಲ್ಲವೆಂದು ಹೇಳಿಕೊಂಡರೆ ಏನಾದೀತೆಂದು ಸಂತರು ಅಲ್ಲಿ ಕೇಳುತ್ತಾರೆ. ಯಾರೂ ಹಾಗೆ ಹೇಳಲಾರರು ಎಂಬ ಭರವಸೆಯ ಮೇಲೆಯೇ ಆ ಉಪಮೆ ನಿಂತಿದೆ. ಇಲ್ಲಿ ದೇಹವೇ ಕಾಲನ್ನು ತಳ್ಳಿಹಾಕಿದೆ; ಅಸಂಭವವೆಂದುಕೊಂಡದ್ದು ವಾರ್ಡಿನ ನೆಲದ ಮೇಲೆ ಬಿದ್ದಿದೆ.

ಸ್ಯಾಕ್ಸರಿಗೆ ಈ ಯುವಕನ ಸಂಕಟ ಅರ್ಥವಾದದ್ದು ಬಹುಕಾಲದ ನಂತರ, ಅದೇ ಸಂಕಟ ತಮ್ಮ ಮೈಮೇಲೆ ಬಂದಾಗ. 1974ರಲ್ಲಿ ನಾರ್ವೆಯ ಬೆಟ್ಟವೊಂದನ್ನು ಒಬ್ಬರೇ ಹತ್ತುತ್ತಿದ್ದಾಗ ಗೂಳಿಯೊಂದನ್ನು ಕಂಡು ಬೆದರಿ ಓಡಿ ಬಿದ್ದರು. ಎಡತೊಡೆಯ ದೊಡ್ಡ ಸ್ನಾಯು ಮೊಣಕಾಲಿನಿಂದ ಕಿತ್ತು ಬಂದಿತ್ತು. ಕೈಯಲ್ಲಿದ್ದ ಕೊಡೆಯನ್ನೇ ಕಾಲಿಗೆ ಕಟ್ಟಿಕೊಂಡು ಕುಳಿತಲ್ಲಿಂದಲೇ ಜಾರುತ್ತ ಇಳಿದ ಅವರನ್ನು ಹಿಮಸಾರಂಗದ ಬೇಟೆಗೆ ಬಂದವರು ಕಂಡು ಉಳಿಸಿದರು. ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತು. ಆದರೆ ಎಚ್ಚರವಾದ ಮೇಲೆ ಆ ಕಾಲು ತಮ್ಮದೆನಿಸಲಿಲ್ಲ. ಸುಣ್ಣದ ಗಾರೆಯೊಳಗಿನ ಒಂದು ವಸ್ತು, ಅಷ್ಟೆ. ಇದನ್ನು ಶಸ್ತ್ರವೈದ್ಯರಿಗೆ ತಿಳಿಸಿದಾಗ ಅಂಥದ್ದೇನೂ ಇಲ್ಲವೆಂದು ಅವರು ಮಾತನ್ನೇ ತಳ್ಳಿಹಾಕಿದರು. ಸ್ನಾಯು ಹೊಲಿದಾಗಿದೆ, ಕೆಲಸ ಮುಗಿದಿದೆ!

ಈ ಒಂದು ದೃಶ್ಯಕ್ಕಾಗಿಯೇ ಮೊದಲ ಪುಸ್ತಕವನ್ನು ಓದಬೇಕೆಂದು ನಾನು ಹೇಳುತ್ತೇನೆ. ಮಿಕ್ಕ ಭಾಗ ಸ್ವಲ್ಪ ದೀರ್ಘವಾಯಿತು; ತತ್ತ್ವಜ್ಞಾನಿಗಳ ಹೆಸರುಗಳ ಮೆರವಣಿಗೆಯೂ ಅಲ್ಲಲ್ಲಿ ಆಯಾಸ ತರುತ್ತದೆ. ಆದರೂ ಕಾಲಿಲ್ಲದೆ ಕಳೆದ ಆ ದಿನಗಳ ಅಧ್ಯಾಯಕ್ಕೆ ಅವರು 'ಲಿಂಬೊ' ಎಂದು ಹೆಸರಿಟ್ಟಿರುವುದು ಗಮನಾರ್ಹ. ಸ್ವರ್ಗವೂ ಅಲ್ಲದ ನರಕವೂ ಅಲ್ಲದ ಆ ಅಂಚಿನ ಸ್ಥಳವನ್ನು ನಮ್ಮ ಹಿರಿಯರು ಧರ್ಮೋಪದೇಶದಲ್ಲಿ ಕಲಿತಿದ್ದರು. ಈಗ ನಮ್ಮವರೇ ಆ ಪದವನ್ನು ಮರೆಯುತ್ತಿರುವಾಗ ಯೆಹೂದ್ಯ ವೈದ್ಯರೊಬ್ಬರು ಅದಕ್ಕೆ ಕೆಲಸ ಕೊಟ್ಟಿದ್ದಾರೆ. ಕಾಲು ಹಿಂದಿರುಗಿದ ಬಗೆಯೂ ಸೋಜಿಗವೇ. ಮನಸ್ಸಿನಲ್ಲಿ ಮೆಂಡೆಲ್‌ಸನ್ನನ ವಯೊಲಿನ್ ಸಂಗೀತ ಇದ್ದಕ್ಕಿದ್ದಂತೆ ನುಡಿದಾಗ, ಅದರ ಲಯದೊಂದಿಗೆ ಹೆಜ್ಜೆಯೂ ಬಂತು, ಹೆಜ್ಜೆಯೊಂದಿಗೆ ಕಾಲೂ ತನ್ನದಾಯಿತು.

ಇನ್ನು ಪಾರ್ಶ್ವವಾಯು. ಮೆದುಳಿನ ಬಲಭಾಗಕ್ಕೆ ಪೆಟ್ಟಾದರೆ ಎಡಮೈ ಸೋಲುವುದು ನಮಗೆಲ್ಲರಿಗೂ ತಿಳಿದಿದೆ. ಅದರ ಜೊತೆಗೆ ಎಡಬದಿಯ ಲೋಕವೇ ಕೆಲವರಿಗೆ ಅಳಿಸಿಹೋಗುವುದು ಎಷ್ಟು ಮಂದಿಗೆ ತಿಳಿದಿದೆ? ಸ್ಯಾಕ್ಸರ ಪುಸ್ತಕದಲ್ಲಿ ಅಂಥ ಒಬ್ಬ ಮಹಿಳೆಯಿದ್ದಾರೆ. ತುಟಿಗೆ ಬಣ್ಣವನ್ನು ಬಲ ಅರ್ಧಕ್ಕೆ ಮಾತ್ರ ಹಚ್ಚಿಕೊಳ್ಳುವರು. ತಟ್ಟೆಯ ಬಲ ಅರ್ಧವನ್ನು ಉಂಡು, ಬಡಿಸಿದ್ದು ಸಾಲದೆಂದು ದೂರುವರು. ಕಣ್ಣಿಗೆ ದೋಷವಿಲ್ಲ, ಬುದ್ಧಿಗೆ ಮಂಕಿಲ್ಲ. ಎಡ ಎಂಬುದೇ ಅವರ ಪಾಲಿಗಿಲ್ಲ. ಎಡಕ್ಕೆ ತಿರುಗಿ ನೋಡಿ ಎಂದರೆ ಪ್ರಯೋಜನವಿಲ್ಲ, ತಿರುಗಲು ಎಡವಿದ್ದರೆ ತಾನೆ? ಕೊನೆಗೆ ಅವರೇ ಉಪಾಯ ಕಂಡುಕೊಂಡರು. ತಿರುಗುವ ಕುರ್ಚಿಯಲ್ಲಿ ಕುಳಿತು ಬಲಕ್ಕೇ ಸುತ್ತುತ್ತ ಹೋದರೆ ಕಳೆದುಹೋದ ಅರ್ಧ ಊಟ ಇನ್ನೊಂದು ಬದಿಯಿಂದ ಕಾಣಿಸಿಕೊಳ್ಳುತ್ತಿತ್ತು.

ಇದಕ್ಕಿಂತ ಕಠಿಣವಾದ ಸ್ಥಿತಿಯೊಂದಿದೆ. ಕೈ ಪೂರ್ಣವಾಗಿ ಸತ್ತಿದ್ದರೂ ರೋಗಿ ತನಗೇನೂ ಆಗಿಲ್ಲ ಎನ್ನುವುದು. ಫ್ರಾನ್ಸಿನ ನರವೈದ್ಯ ಜೋಸೆಫ್ ಬಾಬಿನ್‌ಸ್ಕಿ 1914ರಲ್ಲಿ ಇದಕ್ಕೆ ಅನೊಸೊಗ್ನೋಸಿಯ ಎಂದು ಹೆಸರಿಟ್ಟರು. ರೋಗದ ಅರಿವೇ ಇಲ್ಲದಿರುವ ರೋಗ. ರೋಮಿನ ಸೆನೆಕಾ ಲುಸಿಲಿಯುಸನಿಗೆ ಬರೆದ 50ನೆಯ ಪತ್ರದಲ್ಲಿಯೇ ಇಂಥದ್ದೊಂದನ್ನು ದಾಖಲಿಸಿದ್ದಾನೆ. ಅವನ ಮನೆಯಲ್ಲಿದ್ದ ಹೆಂಗಸೊಬ್ಬಳಿಗೆ ಕಣ್ಣು ಹೋಗಿತ್ತು. ಅವಳೋ, ಮನೆಯಲ್ಲಿ ಕತ್ತಲೆಯೆಂದು ಹೇಳಿ ಬೇರೆ ಕಡೆ ಕರೆದೊಯ್ಯಲು ಕೇಳುತ್ತಿದ್ದಳಂತೆ. ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ 1974ರ ಕೊನೆಯ ದಿನ ಪಾರ್ಶ್ವವಾಯುವಿಗೆ ತುತ್ತಾದರು. ಎಡಮೈ ಸೋತಿದ್ದರೂ ಪತ್ರಕರ್ತರನ್ನು ತಮ್ಮೊಡನೆ ಕಾಲ್ನಡಿಗೆಯ ಪ್ರವಾಸಕ್ಕೆ ಬರಲು ಆಹ್ವಾನಿಸಿದರು. 1975ರ ನವೆಂಬರಿನವರೆಗೂ ಪೀಠವನ್ನು ಬಿಡಲಿಲ್ಲ. ಬುದ್ಧಿವಂತಿಕೆ ಇಲ್ಲಿ ರಕ್ಷಣೆಗೆ ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ನಮ್ಮ ಮನೆಗಳಲ್ಲಿ ಇದಕ್ಕೆ ಏನೆನ್ನುತ್ತಾರೆ? ಅಪ್ಪನಿಗೆ ಹಠ ಎನ್ನುತ್ತಾರೆ. ಸುಳ್ಳು ಹೇಳುತ್ತಾರೆ, ಮರ್ಯಾದೆಗೆ ಅಂಜುತ್ತಾರೆ, ವ್ಯಾಯಾಮಕ್ಕೆ ಸೋಮಾರಿತನ ಎನ್ನುತ್ತಾರೆ. ಇದು ಸುಳ್ಳಲ್ಲವೆಂಬುದಕ್ಕೆ ಒಂದು ಬಲವಾದ ಸಾಕ್ಷ್ಯವಿದೆ. ತಮಿಳುನಾಡಿನಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದ ವಿ. ಎಸ್. ರಾಮಚಂದ್ರನ್ 1998ರ ತಮ್ಮ 'ಫ್ಯಾಂಟಮ್ಸ್ ಇನ್ ದಿ ಬ್ರೈನ್' ಪುಸ್ತಕದಲ್ಲಿ ಅದನ್ನು ವಿವರಿಸಿದ್ದಾರೆ. ಇಂಥ ರೋಗಿಯ ಎಡಕಿವಿಗೆ ತಣ್ಣೀರು ಹಾಯಿಸಿದಾಗ, ಸಮತೋಲನದ ನರಗಳು ಕದಲಿ, ಅದುವರೆಗೆ ನಿರಾಕರಿಸುತ್ತಿದ್ದ ಮಹಿಳೆ ತನ್ನ ಕೈ ಹಲವು ದಿನಗಳಿಂದ ಸೋತಿದೆಯೆಂದು ಶಾಂತವಾಗಿ ಒಪ್ಪಿಕೊಂಡರು. ಪರಿಣಾಮ ಇಳಿದ ಮೇಲೆ ಮತ್ತೆ ನಿರಾಕರಿಸಿದರು. ಹಠಮಾರಿಯ ಹಠವನ್ನು ಒಂದು ಲೋಟ ತಣ್ಣೀರು ಕರಗಿಸಬಲ್ಲುದೇ? (ಇದು ತಜ್ಞರ ಪರೀಕ್ಷೆ, ಮನೆಯಲ್ಲಿ ಯಾರೂ ಪ್ರಯತ್ನಿಸತಕ್ಕದ್ದಲ್ಲ.) ತಮ್ಮ ಮನೆಯಲ್ಲಿ ಇಂಥವರಿದ್ದರೆ ವಾದಕ್ಕಿಳಿಯಬೇಡಿ. ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿಡಿ. ಸೋತ ಕೈ ಮಂಚದ ಸಂದಿಗೆ ಸಿಲುಕದಂತೆ, ಬಿಸಿ ಪಾತ್ರೆಗೆ ತಗಲದಂತೆ ಕಾಯಿರಿ. ಅದನ್ನು ಕಾಯುವ ಒಡೆಯ ಈಗ ಊರಲ್ಲಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಕಹಿ ವಿಷಯಕ್ಕೆ ಬರಬೇಕಾಗಿದೆ. 2025ರ ಡಿಸೆಂಬರಿನಲ್ಲಿ 'ದಿ ನ್ಯೂಯಾರ್ಕರ್' ಪತ್ರಿಕೆಯಲ್ಲಿ ರೇಚಲ್ ಅವೀವ್ ಎಂಬ ಲೇಖಕಿ ಸ್ಯಾಕ್ಸರ ಖಾಸಗಿ ದಿನಚರಿ ಮತ್ತು ಪತ್ರಗಳನ್ನು ಆಧರಿಸಿ ದೀರ್ಘ ಲೇಖನ ಬರೆದರು. ರೋಗಿಗಳ ಕಥೆಗಳಲ್ಲಿ ತಮ್ಮ ಸ್ವಂತ ಮಾತು, ಸ್ವಂತ ಹಂಬಲಗಳನ್ನು ಸೇರಿಸಿದ್ದಾಗಿ, ಕೆಲವು ವಿವರಗಳನ್ನು ಕಲ್ಪಿಸಿದ್ದಾಗಿ ಸ್ಯಾಕ್ಸರೇ ಅಲ್ಲಿ ಬರೆದುಕೊಂಡಿದ್ದರು. ಟೋಪಿಯ ಪುಸ್ತಕವೂ ಇದಕ್ಕೆ ಹೊರತಲ್ಲ; ಅದರ ಬಗೆಗಿನ ಅಪರಾಧಪ್ರಜ್ಞೆ ಅವರನ್ನು ಕಾಡಿತ್ತು.

ಕಥೆಯ ನೀತಿ ಸರಿಯಿದ್ದರೆ ವಿವರ ಹೆಚ್ಚುಕಡಿಮೆಯಾದರೇನು ಎಂದು ಸಮಾಧಾನ ಹೇಳುವವರಿದ್ದಾರೆ. ಸಂತರ ಚರಿತ್ರೆಗಳನ್ನು ಓದಿ ಬೆಳೆದ ನಮಗೆ ಈ ವಾದ ಹೊಸದಲ್ಲ. ಭಕ್ತಿಯನ್ನು ಬೆಳೆಸುತ್ತದೆಂದು ದಂತಕಥೆಗಳನ್ನು ಚರಿತ್ರೆಯೊಳಗೆ ಸೇರಿಸಿದ ಕಾಲವೊಂದಿತ್ತು. ಅದನ್ನು ಜರಡಿ ಹಿಡಿಯಲು ಬೊಲ್ಯಾಂಡಿಸ್ಟರೆಂಬ ಯೇಸುಸಭೆಯ ಗುರುಗಳು 1643ರಲ್ಲಿ ಆಂಟ್‌ವರ್ಪಿನಲ್ಲಿ ಸಂಪುಟಗಳನ್ನು ಹೊರತರಲಾರಂಭಿಸಿದರು. ಆ ಕೆಲಸಕ್ಕೆ ತಲೆಮಾರುಗಳೇ ಸವೆದಿವೆ. ಸ್ಯಾಕ್ಸರ ತಪ್ಪು ಇನ್ನೂ ಭಾರವೆಂದು ನನ್ನ ಅಭಿಪ್ರಾಯ. ತನ್ನ ಕಾಲನ್ನೇ ಕಳೆದುಕೊಂಡವನ ಬಳಿ ಉಳಿದಿರುವುದು ತನ್ನ ಮಾತೊಂದೇ. ಅದನ್ನೂ ಬೇರೊಬ್ಬರ ಮಾತಿನಿಂದ ತುಂಬಿದರೆ ಅವನಲ್ಲಿ ಅವನದೆನ್ನುವಂಥದ್ದು ಏನು ಉಳಿಯಿತು? ರೋಗಿಯ ಮಾತನ್ನು ವೈದ್ಯರು ಕೇಳಿಸಿಕೊಳ್ಳುವುದಿಲ್ಲವೆಂದು ಲಂಡನ್ನಿನ ಆಸ್ಪತ್ರೆಯ ಹಾಸಿಗೆಯಿಂದ ದೂರಿದವರೇ ಇವರು ತಾನೆ!

ಹಾಗೆಂದು ಪುಸ್ತಕವನ್ನು ಮೂಲೆಗೆಸೆಯಬೇಕೆ? ಅದಕ್ಕೆ ಒಂದು ಒರೆಗಲ್ಲು ಸಿಕ್ಕಿದೆ. ಟೋಪಿಯ ಪುಸ್ತಕದಲ್ಲಿ ಕ್ರಿಸ್ಟಿನಾ ಎಂಬ ಹೆಸರಿನಿಂದ ಕರೆಯಲಾದ 27 ವರ್ಷದ ಮಹಿಳೆ ನಾನು ಆರಂಭದಲ್ಲಿ ಹೇಳಿದ ಆ ಇಂದ್ರಿಯವನ್ನೇ ಕಳೆದುಕೊಂಡರು. ದೇಹವೇ ಇಲ್ಲದ ಅನುಭವ. ನೋಡಿದರಷ್ಟೇ ಕೈ ಎಲ್ಲಿದೆಯೆಂದು ಗೊತ್ತು. ತಡವರಿಸುತ್ತ ಬಸ್ಸು ಹತ್ತುವಾಗ ಜನ ಕುಡುಕಿಯೆಂಬಂತೆ ಗದರುತ್ತಾರೆ. ಹೊರಗೆ ಯಾವ ಗುರುತೂ ಇಲ್ಲದ ಈ ನಷ್ಟವನ್ನು ಬಸ್ಸಿನ ಬಾಗಿಲಲ್ಲಿ ವಿವರಿಸುವುದು ಹೇಗೆ? ಈ ಅಧ್ಯಾಯದ ಪಕ್ಕದಲ್ಲಿ ಜೊನಾಥನ್ ಕೋಲ್ ಎಂಬ ಬ್ರಿಟಿಷ್ ವೈದ್ಯರು 1991ರಲ್ಲಿ ಪ್ರಕಟಿಸಿದ 'ಪ್ರೈಡ್ ಅಂಡ್ ಎ ಡೈಲಿ ಮ್ಯಾರಥಾನ್' ಪುಸ್ತಕವನ್ನಿಟ್ಟು ನೋಡಿ. ಅದರ ನಾಯಕ ಇಯಾನ್ ವಾಟರ್‌ಮನ್, ಹೆಸರು ಮರೆಸಿಕೊಳ್ಳದೆ ಲೋಕದ ಮುಂದೆ ಬಂದವರು. 1971ರಲ್ಲಿ, 19ನೆಯ ವಯಸ್ಸಿನಲ್ಲಿ, ಮಾಂಸದಂಗಡಿಯಲ್ಲಿ ದುಡಿಯುತ್ತಿದ್ದಾಗ ಜ್ವರವೊಂದರ ಬೆನ್ನಿಗೆ ಕುತ್ತಿಗೆಯಿಂದ ಕೆಳಗೆ ಸ್ಪರ್ಶ ಮತ್ತು ಅಂಗಗಳ ನೆಲೆಯ ಅರಿವು ಎರಡೂ ಹೋದವು. ಸ್ನಾಯುಗಳಲ್ಲಿ ಬಲವಿತ್ತು, ನೋವು, ಬಿಸಿ, ತಂಪು ತಿಳಿಯುತ್ತಿದ್ದವು. ಪ್ರತಿ ಚಲನೆಯನ್ನೂ ಕಣ್ಣಿನಿಂದ ನೋಡಿ, ಮೊದಲೇ ಯೋಚಿಸಿ ನಡೆಸುವುದನ್ನು ಅವರು ತಿಂಗಳುಗಟ್ಟಲೆ ಅಭ್ಯಾಸ ಮಾಡಿದರು. ಕುಳಿತುಕೊಳ್ಳುವುದನ್ನು ಕಲಿತರು, ಆಮೇಲೆ ನಡೆಯುವುದನ್ನು. ದೀಪ ಆರಿದರೆ ಇಂದಿಗೂ ನಿಲ್ಲಲಾಗದು.

ಸ್ಯಾಕ್ಸರ ಗದ್ಯ ಕೋಲರಿಗಿಲ್ಲ. ಅವರದು ನಿಧಾನದ, ಒಣಗಿದ, ಅಳತೆಗೋಲು ಹಿಡಿದ ಬರವಣಿಗೆ. ಆದರೆ ಒಂದು ಲೋಟ ನೀರನ್ನೆತ್ತಲು ಎಷ್ಟು ಗಮನ ಬೇಕೆಂಬುದು ಅಲ್ಲಿ ತಿಳಿದಷ್ಟು ಇಲ್ಲಿ ತಿಳಿಯುವುದಿಲ್ಲ. ಕ್ರಿಸ್ಟಿನಾರ ಕಥೆ ಓದಿ ನಾವು ಮರುಗುತ್ತೇವೆ. ವಾಟರ್‌ಮನ್‌ರ ಕಥೆ ಓದಿ ಮರುಗಲು ಸಮಯವಿರುವುದಿಲ್ಲ, ಮುಂದಿನ ಹೆಜ್ಜೆ ಎಲ್ಲಿಡುವರೋ ಎಂದು ನೋಡುತ್ತಿರುತ್ತೇವೆ. ಒಂದೇ ಪುಸ್ತಕ ಕೊಳ್ಳುವುದಾದರೆ ಕೋಲರದನ್ನೇ ಕೊಳ್ಳಿ ಎಂದು ನನ್ನ ಸಲಹೆ.

ಸ್ಯಾಕ್ಸರ ಬಗ್ಗೆ ನನಗಿರುವ ಇನ್ನೊಂದು ತಕರಾರು ಅವರು ಬರೆಯದೆ ಬಿಟ್ಟದ್ದಕ್ಕೆ ಸಂಬಂಧಿಸಿದ್ದು. ಮೆದುಳಿಗೆ ಗಾಯವಾಗಿ ದೇಹದ ಅರಿವು ಕೆಟ್ಟವರನ್ನು ಅವರು ಗೌರವದಿಂದ ಕಾಣಿಸಿದರು. ಚಿತ್ರ ತೆಗೆದು ತೋರಿಸಬಹುದಾದ ಗಾಯವಿಲ್ಲದೆ, ಮನೋರೋಗದಿಂದ ಅದೇ ಅರಿವು ಕೆಟ್ಟವರಿಗೆ ಈ ಎರಡು ಪುಸ್ತಕಗಳಲ್ಲಿ ತಕ್ಕ ಸ್ಥಾನ ದೊರೆತಿಲ್ಲ. ಓದುಗನೂ ಹಾಗೆಯೇ ವಿಂಗಡಿಸಲು ಕಲಿಯುತ್ತಾನೆ: ಗಾಯವಿದ್ದರೆ ಕನಿಕರ, ಇಲ್ಲದಿದ್ದರೆ ಬುದ್ಧಿವಾದ.

1880ರಲ್ಲಿ ಪ್ಯಾರಿಸ್ಸಿನ ವೈದ್ಯ ಜೂಲ್ ಕೊಟಾರ್ ವರ್ಣಿಸಿದ 43 ವರ್ಷದ ಮಹಿಳೆಯನ್ನು ನೋಡಿ. ತನಗೆ ಮೆದುಳಿಲ್ಲ, ನರಗಳಿಲ್ಲ, ಹೊಟ್ಟೆಯಿಲ್ಲ, ಕರುಳಿಲ್ಲ, ತೊಗಲು ಮತ್ತು ಮೂಳೆ ಮಾತ್ರ ಉಳಿದಿದೆ. ಆದ್ದರಿಂದ ಊಟ ಬೇಡ ಎನ್ನುತ್ತಿದ್ದರು. ದೇವರೂ ಇಲ್ಲ, ಪಿಶಾಚಿಯೂ ಇಲ್ಲ ಎನ್ನುತ್ತಿದ್ದರು. ಇಂಥ ಮಾತನ್ನು ಕೇಳಿದ ಗುರುವೊಬ್ಬನಿಗೆ ಕೊನೆಯ ವಾಕ್ಯವೇ ದೊಡ್ಡದಾಗಿ ಕೇಳಿಸುವ ಅಪಾಯವಿದೆ. ಅದು ವಿಶ್ವಾಸದ ಪತನವಲ್ಲ. ಕರುಳಿಲ್ಲವೆಂದ ಬಾಯಿಂದಲೇ, ಅದೇ ತೀವ್ರ ಖಿನ್ನತೆಯಿಂದಲೇ ಬಂದ ಮಾತು. ಆ ಖಿನ್ನತೆಗೆ ಇಂದು ಔಷಧಿಯಿದೆ, ವಿದ್ಯುತ್ ಚಿಕಿತ್ಸೆಯಿದೆ, ಅನೇಕರು ಗುಣವಾಗುತ್ತಾರೆ. ವೈದ್ಯರಲ್ಲಿಗೆ ಮೊದಲು ಕರೆದೊಯ್ಯಿರಿ, ಪ್ರಾರ್ಥನಾಕೂಟಕ್ಕೆ ಆಮೇಲೆ ಹೋಗೋಣ.

ಊಟ ಬಿಟ್ಟ ಮಗಳ ವಿಷಯವೂ ಇದೇ. ಅನೊರೆಕ್ಸಿಯ ನರ್ವೋಸ ಎಂಬ ಈ ಕಾಯಿಲೆಯನ್ನು ನಮ್ಮಲ್ಲಿ ಸೌಂದರ್ಯದ ಹುಚ್ಚೆಂದು, ಟಿವಿಯ ಪ್ರಭಾವವೆಂದು ತಳ್ಳಿಹಾಕುವುದುಂಟು. ಸಾವಿನ ಪ್ರಮಾಣ ಅತಿ ಹೆಚ್ಚಿರುವ ಮನೋರೋಗಗಳಲ್ಲಿ ಇದೂ ಒಂದು. ನೆದರ್ಲೆಂಡ್ಸಿನ ಉಟ್ರೆಕ್ಟಿನಲ್ಲಿ ಅನೌಕ್ ಕೈಜರ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿದೆ. ಬೇರೆ ಬೇರೆ ಅಗಲದ ದ್ವಾರಗಳ ಮೂಲಕ ಹಾದುಹೋಗಲು ಹೇಳಿ, ಯಾವಾಗ ಭುಜವನ್ನು ಓರೆಮಾಡುತ್ತಾರೆಂದು ಅಳೆದರು. ಆರೋಗ್ಯವಂತರು ದ್ವಾರವು ತಮ್ಮ ಭುಜಕ್ಕಿಂತ 25 ಶೇಕಡದಷ್ಟು ಅಗಲವಿರುವವರೆಗೆ ನೇರವಾಗಿಯೇ ನಡೆದರು. ಅನೊರೆಕ್ಸಿಯ ಇರುವವರು 40 ಶೇಕಡ ಅಗಲವಿದ್ದಾಗಲೇ ಭುಜ ತಿರುಗಿಸಿದರು. ಪ್ರಯೋಗದ ನಿಜವಾದ ಉದ್ದೇಶವೂ ಅವರಿಗೆ ಗೊತ್ತಿರಲಿಲ್ಲ. ಕನ್ನಡಿಯ ಮುಂದೆ ನಿಂತು ದಪ್ಪಗಿದ್ದೇನೆಂದು ಹೇಳುವುದು ಬೇರೆ. ಯಾರೂ ಕೇಳದಿದ್ದಾಗ, ಯೋಚಿಸದೆ ಹೆಜ್ಜೆಯಿಡುವಾಗ ದೇಹವೇ ತನ್ನನ್ನು ದೊಡ್ಡದೆಂದು ತಿಳಿದು ಸರಿದುಕೊಳ್ಳುವುದು ಬೇರೆ. ಆ ಮಗಳಿಗೆ ಮೂಳೆ ಕಾಣುತ್ತಿದೆ ನೋಡು ಎಂದು ಬೈಯುವುದೂ ಎಡಮೈ ಸೋತ ತಂದೆಗೆ ಎಡಕ್ಕೆ ತಿರುಗಿ ಎನ್ನುವುದೂ ಒಂದೇ. ಸಿಯೆನಾದ ಸಂತ ಕತರೀನಳ ಉಪವಾಸವನ್ನು ಇದೇ ಕಾಯಿಲೆಯೆಂದು ರುಡಾಲ್ಫ್ ಬೆಲ್ 1985ರಲ್ಲಿ ವಾದಿಸಿದರು. 1380ರಲ್ಲಿ 33ರ ಹರೆಯದಲ್ಲಿ ತೀರಿಕೊಂಡವಳಿಗೆ ಇಂದು ರೋಗನಿರ್ಣಯ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಇಂದಿನ ಹಸಿದ ಹುಡುಗಿಗೆ ಅವಳನ್ನು ಮಾದರಿಯೆಂದು ತೋರಿಸುವುದಂತೂ ಸರ್ವಥಾ ಸಲ್ಲದು.

ಸ್ಯಾಕ್ಸರಿಗೆ ನಮ್ಮ ಧರ್ಮಭಗಿನಿಯರ ಋಣವೂ ಇದೆ. ಸಂತ ಜಾನ್ ಜುಗಾನ್ ಸ್ಥಾಪಿಸಿದ ಬಡವರ ಕಿರಿಯ ಭಗಿನಿಯರ ವೃದ್ಧಾಶ್ರಮಗಳಲ್ಲಿ ಅವರು ನ್ಯೂಯಾರ್ಕಿನಲ್ಲಿ ದಶಕಗಳ ಕಾಲ ವೈದ್ಯರಾಗಿದ್ದರು. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ವೃದ್ಧರನ್ನು ಸಲಹುವವರೂ ಇದೇ ಸಭೆಯವರು. ನೆನಪಿನ ಶಕ್ತಿ ಕಳೆದುಕೊಂಡಿದ್ದ ನಾವಿಕನೊಬ್ಬನಿಗೆ ಆತ್ಮವಿದೆಯೆಂದು ನೀವು ಭಾವಿಸುವಿರಾ ಎಂದು ಆಶ್ರಮದ ಭಗಿನಿಯರನ್ನು ಅವರು ಕೇಳಿದ್ದಾಗಿ ಟೋಪಿಯ ಪುಸ್ತಕದಲ್ಲಿದೆ. ಭಗಿನಿಯರು ಸಿಟ್ಟಾದರು. ವಾದಿಸದೆ, ದೇವಾಲಯದಲ್ಲಿ ಅವನನ್ನು ನೋಡಿ ಬನ್ನಿ ಎಂದರು. ಬಲಿಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸುವಾಗ ಆ ಮನುಷ್ಯ ಎಷ್ಟು ಏಕಾಗ್ರನಾಗಿದ್ದನೆಂದು ಸ್ಯಾಕ್ಸ್ ಬೆರಗಿನಿಂದ ಬರೆಯುತ್ತಾರೆ. ಇಲ್ಲಿ ಎಷ್ಟು ಅವರದು, ಎಷ್ಟು ಆ ನಾವಿಕನದು ಎಂಬ ಸಂಶಯ ಈಗ ನನ್ನನ್ನು ಬಿಡದು. ಭಗಿನಿಯರ ಸಿಟ್ಟನ್ನು ಮಾತ್ರ ನಾನು ಪೂರ್ಣವಾಗಿ ನಂಬುತ್ತೇನೆ.

ಪುಸ್ತಕದಲ್ಲಿ ನನಗೆ ಅತ್ಯಂತ ಪ್ರಿಯವಾದುದು ಇನ್ನೊಂದು ವೃದ್ಧಾಶ್ರಮದ ಕಥೆ. 93 ವರ್ಷದ ಮುದುಕರೊಬ್ಬರು ಪಾರ್ಕಿನ್ಸನ್ ಕಾಯಿಲೆಯಿಂದ ಒಂದು ಬದಿಗೆ ವಾಲಿ ನಡೆಯುತ್ತಿದ್ದರು. ಅವರಿಗದು ತಿಳಿಯುತ್ತಲೇ ಇರಲಿಲ್ಲ. ಸ್ಯಾಕ್ಸ್ ಅವರಿಗೆ ಬುದ್ಧಿ ಹೇಳಲಿಲ್ಲ, ಚಲನಚಿತ್ರ ತೆಗೆದು ತೋರಿಸಿದರು. ಮುದುಕರು ಹಿಂದೆ ಬಡಗಿಯಾಗಿದ್ದವರು. ಮರದ ಮಟ್ಟ ನೋಡಲು ಗುಳ್ಳೆಯ ಮಟ್ಟಗೋಲು ಬಳಸುತ್ತಿದ್ದೆವಲ್ಲ, ತಲೆಯೊಳಗಿನ ಆ ಮಟ್ಟಗೋಲು ಕೆಟ್ಟಿದೆ ಎಂದು ತಾವೇ ಕಾರಣ ಕಂಡುಹಿಡಿದರು. ಹಾಗಾದರೆ ಕನ್ನಡಕಕ್ಕೇ ಒಂದು ಚಿಕ್ಕ ಮಟ್ಟಗೋಲನ್ನು ಸಿಕ್ಕಿಸಿದರೇನು ಎಂದರು. ಆಶ್ರಮದ ಕಾರ್ಯಾಗಾರದಲ್ಲಿ ಅದನ್ನು ಮಾಡಿಕೊಟ್ಟರು. ಮೊದಮೊದಲು ಅದನ್ನೇ ನೋಡುತ್ತಾ ನಡೆಯುವುದು ದಣಿವಾಗುತ್ತಿತ್ತು. ಕೆಲವು ವಾರಗಳಲ್ಲಿ ರೂಢಿಯಾಯಿತು. ಆಶ್ರಮದಲ್ಲಿ ಅದೇ ಕಾಯಿಲೆಯ ಬೇರೆಯವರೂ ಅಂಥ ಕನ್ನಡಕ ಬೇಕೆಂದು ಕೇಳಿ ಮಾಡಿಸಿಕೊಂಡರು.